ನಾಣ್ಯದಲ್ಲಿ ಬೆಳೆದ ಗಿಡಗಳು

ಹರಿಹರದಲ್ಲಿ ನಮ್ಮ ಅಜ್ಜನ ಹತ್ತಿರ ನಶ್ಯದ ಒಂದು ತಗಡಿನ ಡಬ್ಬಿ ಇತ್ತು. ನಶ್ಯ ಖಾಲಿಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಮುಚ್ಚಳ ತೆಗೆದರೆ ಸಾಕು, ಸೀನು ಬರುತ್ತಿತ್ತು. ಅದರೊಳಗೆ ಹಳೆಯ ನಾಣ್ಯಗಳು. ನಡುವೆ ತೂತಿರುವ ಕಾಸು, ರಾಣಿಯ ತಲೆ ಇರುವ ಒಂದು ಬೆಳ್ಳಿ ರೂಪಾಯಿ, ನಾಲ್ಕಾರು ಆಣೆಗಳು. ಇವೆಲ್ಲದರ ಜೊತೆಗೆ ಬೂದು ಬಣ್ಣದ, ಅಂಚು ಸೊಟ್ಟಗಿದ್ದ ಒಂದು ಬಿಲ್ಲೆ. ಅಗಲ ಎಂಟಾಣೆಯಷ್ಟೇ, ಆದರೆ ಕೈಯಲ್ಲಿಟ್ಟರೆ ಬೇರೆ ಯಾವ ನಾಣ್ಯಕ್ಕೂ ಇಲ್ಲದ ಭಾರ. ಅಜ್ಜ ಹತ್ತಿ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರು. ಲೆಕ್ಕ ವಸೂಲಿಗೆಂದು ಚಿತ್ರದುರ್ಗಕ್ಕೆ ಹೋದಾಗ ಪರಿಚಯದವರೊಬ್ಬರು, 'ಮಳೆ ಬಂದ ಮಾರನೇ ದಿನ ಚಂದ್ರವಳ್ಳಿ ಕಡೆ ಮಣ್ಣಿನ ಮೇಲೆ ಬಿದ್ದಿತ್ತು' ಎಂದು ಕೊಟ್ಟಿದ್ದರಂತೆ.

1969ರ ಬೇಸಿಗೆ ರಜೆ. ನನಗೆ ಒಂಬತ್ತು ವರ್ಷ. ಆಗ ತಾನೇ ಹೊಸ ಇಪ್ಪತ್ತು ಪೈಸೆ ಚಲಾವಣೆಗೆ ಬಂದಿತ್ತು. ಹಿತ್ತಾಳೆ ಬಣ್ಣ, ಮೇಲೆ ಅರಳಿದ ಕಮಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ನೆನಪಿರುತ್ತದೆ. ಹೊಸದಾಗಿದ್ದಾಗ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಜ್ಜ ನನಗೊಂದು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಡಬ್ಬಿಯೊಳಗಿನ ಆ ಬೂದು ಬಿಲ್ಲೆ ನೋಡಿದೆ. ಪಾಪ ಅನ್ನಿಸಿತು. ಇದನ್ನೂ ಹೊಳೆಯುವ ಹಾಗೆ ಮಾಡಿದರೆ ಅಜ್ಜನಿಗೆ ಖುಷಿಯಾಗುತ್ತದೆ ಎಂದುಕೊಂಡೆ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಿತ್ತಲಿಗೆ ಹೋಗಿ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತೆಗೆದುಕೊಂಡು ಕೂತೆ. ಅವ್ವ ದೇವರ ದೀಪ ತಿಕ್ಕುವುದನ್ನು ನೋಡಿದ್ದೆನಲ್ಲ, ಅದೇ ವಿದ್ಯೆ. ಅರ್ಧ ಗಂಟೆ ತಿಕ್ಕಿದೆ. ಬೂದು ಬಣ್ಣ ಹೋಗಿ ಬಿಲ್ಲೆ ಬೆಳ್ಳಗೆ ಮಿಂಚಿತು. ಸಂಜೆ ಅಜ್ಜ ಎದ್ದ ಕೂಡಲೇ ಅಂಗೈ ಮೇಲಿಟ್ಟು ತೋರಿಸಿದೆ. ಅಜ್ಜ ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಬೈಯಲಿಲ್ಲ.

"ಇದರಾಗ ಒಂದು ಗಿಡ ಇತ್ತಲ್ಲೋ ತಮ್ಮಾ. ಎಲ್ಲಿ ಹೋತು?" ಎಂದರು.

ನಮ್ಮ ಕಡೆ ಮರಕ್ಕೂ ಗಿಡ ಎಂದೇ ಅನ್ನುವುದು. ಆ ಬಿಲ್ಲೆಯ ಒಂದು ಮುಖದಲ್ಲಿ ಮರದ ಚಿತ್ರ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಮರದ ಬುಡದ ಸುತ್ತ ಬೇಲಿ, ಪಕ್ಕದಲ್ಲಿ ಗುಡ್ಡದಂಥದ್ದೇನೋ, ಇನ್ನೊಂದು ಕಡೆ ಗೂಳಿ ಇತ್ತು ಎಂದು ಅಜ್ಜ ಬೆರಳಿನಿಂದ ನೆಲದ ಮೇಲೆ ಗೀಚಿ ತೋರಿಸಿದರು. ಗೂಳಿಯ ಭುಜ ಮಾತ್ರ ಮಸುಕಾಗಿ ಉಳಿದಿತ್ತು. ಮರವನ್ನು ನಾನು ಬೇರು ಸಮೇತ ತಿಕ್ಕಿ ತೊಳೆದಿದ್ದೆ.

ಅದು ಏನೆಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜ ಇರಲಿಲ್ಲ. ಕಾಲೇಜು ಓದುವಾಗ ದಾವಣಗೆರೆಯ ಗ್ರಂಥಾಲಯವೊಂದರಲ್ಲಿ ಪ್ರಾಚೀನ ಭಾರತದ ನಾಣ್ಯಗಳ ಪುಸ್ತಕ ಕೈಗೆ ಸಿಕ್ಕಿತು. ಹಾಳೆ ತಿರುಗಿಸುತ್ತಾ ಹೋದವನು ಒಂದು ಚಿತ್ರದ ಬಳಿ ನಿಂತುಬಿಟ್ಟೆ. ಬೇಲಿಯೊಳಗೆ ಮರ. ಇನ್ನೊಂದು ಮುಖದಲ್ಲಿ ಕಮಾನು ಕಮಾನಾಗಿ ಪೇರಿಸಿದ ಗುಡ್ಡ. ಅಜ್ಜ ನೆಲದ ಮೇಲೆ ಗೀಚಿದ ಅದೇ ಮರ, ಅದೇ ಗುಡ್ಡ! ಕೆಳಗೆ ಏನು ಬರೆದಿದೆ ಎಂದು ನೋಡಿದರೆ ಚಿತ್ರದುರ್ಗದ ಹೆಸರಿಲ್ಲ. ಅದೊಬ್ಬ ಗ್ರೀಕ್ ರಾಜನ ನಾಣ್ಯ. ಹೆಸರು ಅಗಥೋಕ್ಲಿಸ್.

ಗ್ರೀಕ್ ರಾಜನಿಗೂ ನಮ್ಮ ಅರಳಿಕಟ್ಟೆಗೂ ಏನು ಸಂಬಂಧ? ಆ ಪ್ರಶ್ನೆಯೇ ನನ್ನನ್ನು ಗಿಡಗಳಿರುವ ಗ್ರೀಕ್ ನಾಣ್ಯಗಳ ಹುಚ್ಚಿಗೆ ಹಚ್ಚಿತು. ಅಂದಿನಿಂದ ಸಂಗ್ರಹಿಸುತ್ತಲೇ ಇದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಬಳಿ ಅಸಲಿ ಗ್ರೀಕ್ ನಾಣ್ಯ ಒಂದೂ ಇಲ್ಲ. ಇರುವುದು ಮೂರು ದಪ್ಪ ನೋಟ್ ಪುಸ್ತಕಗಳು. ಅವುಗಳ ತುಂಬ ಕೈಯಾರೆ ಬಿಡಿಸಿದ ಚಿತ್ರಗಳು, ಅಂಟಿಸಿದ ಫೋಟೊಗಳು, ಪಕ್ಕದಲ್ಲಿ ಟಿಪ್ಪಣಿ. ಇದಕ್ಕೆ ಸಂಗ್ರಹ ಎನ್ನುತ್ತಾರೆಯೇ ಎಂದು ನಗುವವರು ನಗಲಿ.

ಗ್ರೀಕರು ಒಂದೇ ದೇಶವಾಗಿ ಬಾಳಿದವರಲ್ಲ. ಒಂದೊಂದು ಊರೂ ಒಂದೊಂದು ರಾಜ್ಯ. ಹರಿಹರಕ್ಕೊಂದು ನಾಣ್ಯ, ದಾವಣಗೆರೆಗೊಂದು ನಾಣ್ಯ, ಮಲೇಬೆನ್ನೂರಿಗೆ ಇನ್ನೊಂದು ಇದ್ದರೆ ಹೇಗಿರುತ್ತಿತ್ತೋ ಹಾಗೆ. ಯಾವ ಊರಿನ ನಾಣ್ಯ ಎಂದು ನೋಡಿದ ಕೂಡಲೇ ತಿಳಿಯಬೇಕಲ್ಲ, ಅದಕ್ಕೆ ಊರಿಗೊಂದು ಗುರುತು. ಕೆಲವರು ದೇವರನ್ನು ಹಾಕಿದರು, ಕೆಲವರು ಪ್ರಾಣಿಯನ್ನು. ಬಹಳಷ್ಟು ಊರುಗಳು ತಮ್ಮ ಗಿಡ, ಹೂವು, ಕಾಯಿ, ತೆನೆಯನ್ನು ಹಾಕಿಕೊಂಡವು. ಟಂಕಸಾಲೆಯಲ್ಲಿ ಕೆಲಸಗಾರ ಗಟ್ಟಿ ಲೋಹದ ಅಚ್ಚಿನಲ್ಲಿ ಚಿತ್ರವನ್ನು ತಿರುಗುಮುರುಗಾಗಿ ಕೊರೆಯುತ್ತಿದ್ದ. ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಮೇಲೆ ಸುತ್ತಿಗೆಯಿಂದ ಹೊಡೆದರೆ ನಾಣ್ಯ ತಯಾರು. ಸುತ್ತಿಗೆ ಏಟು ಸ್ವಲ್ಪ ಜಾರಿದರೂ ಚಿತ್ರ ಓರೆ. ಹಾಗಾಗಿ ಎರಡು ನಾಣ್ಯ ಪೂರ್ತಿ ಒಂದೇ ಥರ ಇರುವುದಿಲ್ಲ.

ಇಟಲಿಯ ದಕ್ಷಿಣ ತೀರದಲ್ಲಿ ಮೆಟಾಪೊಂಟಿಯಂ ಎಂಬ ಗ್ರೀಕರ ಊರಿತ್ತು. ಒಳ್ಳೆಯ ಎರೆಭೂಮಿ, ಧಾನ್ಯ ಬೆಳೆದೇ ಶ್ರೀಮಂತವಾದ ಊರು. ಅವರ ಬೆಳ್ಳಿ ನಾಣ್ಯದ ಮೇಲೆ ಒಂದು ಜವೆಗೋಧಿ ತೆನೆ, ಅದರ ಮುಳ್ಳು ಮುಳ್ಳಾದ ಮೀಸೆಯ ಸಮೇತ. ಕ್ರಿಸ್ತಪೂರ್ವ 550ರ ಸುಮಾರಿಗೆ ಶುರುವಾದ ಮೊದಲ ನಾಣ್ಯಗಳಲ್ಲಿ ಒಂದು ತಮಾಷೆ ಇದೆ. ಮುಂದುಗಡೆ ತೆನೆ ಉಬ್ಬಿದೆ, ಹಿಂದುಗಡೆ ಅದೇ ತೆನೆ ಒಳಕ್ಕೆ ತಗ್ಗಾಗಿದೆ, ಚಕ್ಕುಲಿ ಅಚ್ಚಿನಲ್ಲಿ ಒತ್ತಿದ ಹಾಗೆ. ನಮ್ಮ ಇಪ್ಪತ್ತು ರೂಪಾಯಿ ನಾಣ್ಯ ಜೇಬಿನಲ್ಲಿದ್ದರೆ ತೆಗೆದು ನೋಡಿ. 2019ರಲ್ಲಿ ಬಂದ, ಹನ್ನೆರಡು ಅಂಚಿನ ನಾಣ್ಯ ಅದು. ಅದರ ಮೇಲೂ ಕಾಳಿನ ತೆನೆಯ ವಿನ್ಯಾಸ ಇದೆ. 1950ರಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಂದು ರೂಪಾಯಿ ಹೊರಡಿಸಿದಾಗಲೂ ಇಬ್ಬದಿಗೆ ಎರಡು ಗೋಧಿ ತೆನೆ ಹಾಕಿತ್ತು. ಎರಡೂವರೆ ಸಾವಿರ ವರ್ಷ ಕಳೆದರೂ ನಾಣ್ಯ ಎಂದರೆ ಮನುಷ್ಯನಿಗೆ ಮೊದಲು ನೆನಪಾಗುವುದು ಊಟವೇ.

ಅಥೆನ್ಸ್ ನಗರದ ಗೂಬೆ ನಾಣ್ಯ ತುಂಬ ಪ್ರಸಿದ್ಧ. ತೂಕ ಸುಮಾರು ಹದಿನೇಳು ಗ್ರಾಂ ಬೆಳ್ಳಿ. ಎಲ್ಲರೂ ಗೂಬೆಯ ದೊಡ್ಡ ಕಣ್ಣು ನೋಡುತ್ತಾರೆ. ಗೂಬೆಯ ತಲೆಯ ಹಿಂದೆ ಮೂಲೆಯಲ್ಲಿ ಒಂದು ಪುಟ್ಟ ರೆಂಬೆ ಇದೆ, ಎರಡು ಎಲೆ, ಒಂದು ಕಾಯಿ. ಅದು ಆಲಿವ್. ಆ ಊರು ಯಾರದಾಗಬೇಕೆಂದು ಅಥೀನಾ ದೇವಿಗೂ ಸಮುದ್ರದೇವ ಪೊಸೈಡನ್‌ಗೂ ಪೈಪೋಟಿ ನಡೆದು, ಆಲಿವ್ ಗಿಡ ಕೊಟ್ಟ ಅಥೀನಾ ಗೆದ್ದಳಂತೆ. ಎಣ್ಣೆ, ಉಪ್ಪಿನಕಾಯಿ, ದೀಪ ಎಲ್ಲವೂ ಆ ಗಿಡದಿಂದಲೇ ನಡೆಯುತ್ತಿದ್ದ ಊರು ಬೇರೆ ಯಾರನ್ನು ಗೆಲ್ಲಿಸೀತು?

ಮಕ್ಕಳಿಗೆ ಬಹಳ ಹಿಡಿಸುವುದು ಹೆಸರಿನ ಆಟ ಆಡುವ ನಾಣ್ಯಗಳು. ರೋಡ್ಸ್ ಎಂಬ ದ್ವೀಪ ಇದೆ. ಗ್ರೀಕ್ ಭಾಷೆಯಲ್ಲಿ 'ರೋಡೋನ್' ಎಂದರೆ ಗುಲಾಬಿ. ಸರಿ, ಅವರ ನಾಣ್ಯದ ಮೇಲೆ ಗುಲಾಬಿ! ಒಂದು ಕಡೆ ಸೂರ್ಯದೇವ, ಇನ್ನೊಂದು ಕಡೆ ತೊಟ್ಟಿನ ಸಮೇತ ಹೂವು. ಮೇಲೋಸ್ ಎಂಬ ಇನ್ನೊಂದು ದ್ವೀಪ. 'ಮೇಲೋನ್' ಎಂದರೆ ಸೇಬಿನಂಥ ಹಣ್ಣು. ಅವರ ನಾಣ್ಯದಲ್ಲಿ ದುಂಡಗಿನ ಹಣ್ಣು. ಅದು ಸೇಬೋ ದಾಳಿಂಬೆಯೋ ಎಂದು ಪಂಡಿತರು ಇಂದಿಗೂ ಜಗಳಾಡುತ್ತಾರೆ. ಈಗಿನ ಟರ್ಕಿಯ ಸೀಡೆ ಎಂಬ ಊರಿನ ಹೆಸರಿಗೇ ದಾಳಿಂಬೆ ಎಂಬ ಅರ್ಥ, ನಾಣ್ಯದಲ್ಲೂ ದಾಳಿಂಬೆ. ಸಿಸಿಲಿಯ ಸೆಲಿನಸ್ ಊರಿನವರದು 'ಸೆಲಿನೋನ್' ಎಲೆ. ಅದು ಕೊತ್ತಂಬರಿಯ ದೂರದ ನೆಂಟ, ಹೊಳೆದಂಡೆಯಲ್ಲಿ ಬೆಳೆಯುವ ಕಾಡುಸೊಪ್ಪು. ಈಗ ತರಕಾರಿ ಅಂಗಡಿಯಲ್ಲಿ ಸೆಲರಿ ಎಂದು ಸಿಗುತ್ತದಲ್ಲ, ಅದರ ಪೂರ್ವಜ. ಓದಲು ಬಾರದವನಿಗೂ ಎಲೆ ನೋಡಿದರೆ ಊರು ಯಾವುದೆಂದು ಗೊತ್ತಾಗುತ್ತಿತ್ತು.

ಆದರೆ ನನ್ನ ನೋಟ್ ಪುಸ್ತಕದಲ್ಲಿ ಹೆಚ್ಚು ಹಾಳೆ ತಿಂದಿರುವ ಗಿಡ ಇದ್ಯಾವುದೂ ಅಲ್ಲ. ಅದು ಸಿಲ್ಫಿಯಂ.

ಆಫ್ರಿಕಾದ ಉತ್ತರ ತೀರದಲ್ಲಿ, ಈಗಿನ ಲಿಬಿಯಾದಲ್ಲಿ, ಗ್ರೀಕರು ಕ್ರಿಸ್ತಪೂರ್ವ 631ರಲ್ಲಿ ಸೈರೀನ್ ಎಂಬ ಊರು ಕಟ್ಟಿದರು. ಅಲ್ಲಿನ ಬೆಟ್ಟದ ಬಯಲಲ್ಲಿ ತಾನಾಗಿ ಒಂದು ಗಿಡ ಬೆಳೆಯುತ್ತಿತ್ತು. ದಪ್ಪ ಕಾಂಡ, ಕಾಂಡದ ಮೇಲೆ ಗೀರು, ಎದುರುಬದುರು ಎಲೆ, ತುದಿಯಲ್ಲಿ ಹೂವಿನ ಗುಂಡು ಗೊಂಚಲು. ಅದರ ಬೇರು, ಕಾಂಡ ಗೀರಿದರೆ ಬರುವ ಅಂಟು ಅಡುಗೆಗೂ ಔಷಧಕ್ಕೂ ಬೇಕು. ರೋಮಿನ ಶ್ರೀಮಂತರು ಅದಕ್ಕೆ ಬೆಳ್ಳಿ ಸುರಿಯುತ್ತಿದ್ದರು. ಸೈರೀನಿನ ಸಿರಿವಂತಿಕೆಗೆ ಆ ಗಿಡವೇ ದೊಡ್ಡ ಆಸರೆ. ಅದಕ್ಕೇ ತಮ್ಮ ನಾಣ್ಯದ ಮೇಲೆ ಅದನ್ನೇ ಮೆರೆಸಿದರು.

ತೊಂದರೆ ಏನೆಂದರೆ, ಅದನ್ನು ತೋಟದಲ್ಲಿ ಬೆಳೆಸಲು ಬರುತ್ತಿರಲಿಲ್ಲ. ಸಸ್ಯಗಳ ಬಗ್ಗೆ ಬರೆದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಈ ಮಾತು ಹೇಳಿದ್ದಾನೆ. ಕಾಡಿನಲ್ಲಿ ಬೆಳೆದದ್ದನ್ನೇ ಕಿತ್ತು ತರಬೇಕು. ಕಿತ್ತರು, ಕಿತ್ತರು, ಕುರಿ ಮೇಕೆ ಬಿಟ್ಟು ಮೇಯಿಸಿದರು. ಕ್ರಿಸ್ತಶಕ ಮೊದಲನೇ ಶತಮಾನದ ರೋಮನ್ ಬರಹಗಾರ ಪ್ಲಿನಿ, ತನ್ನ ಕಾಲದಲ್ಲಿ ಒಂದೇ ಒಂದು ಕಡ್ಡಿ ಸಿಕ್ಕಿತೆಂದೂ ಅದನ್ನು ಚಕ್ರವರ್ತಿ ನೀರೋಗೆ ಕಳಿಸಿದರೆಂದೂ ಬರೆದಿದ್ದಾನೆ.

ಸಿಲ್ಫಿಯಂ ಸಿಗದಾದಾಗ ರೋಮನ್ನರು ಏನು ಮಾಡಿದರು? ಪರ್ಷಿಯಾ ಕಡೆಯಿಂದ ಅದರಂಥದ್ದೇ ಇನ್ನೊಂದು ಅಂಟು ತರಿಸಿಕೊಂಡರು, ಅಗ್ಗದ ಬದಲಿ ಮಾಲು. ಆ ಬದಲಿ ಮಾಲು ನಿಮ್ಮ ಅಡುಗೆಮನೆಯಲ್ಲಿ ಈಗಲೂ ಇದೆ. ಸಾಸಿವೆ ಡಬ್ಬಿಯ ಪಕ್ಕ ನೋಡಿ. ಇಂಗು! ಅಲೆಗ್ಸಾಂಡರನ ಸೈನ್ಯ ಹಿಂದೂಕುಷ್ ಪರ್ವತ ದಾಟುವಾಗ ಅಲ್ಲಿ ಸಿಲ್ಫಿಯಂ ಬೆಳೆದಿತ್ತು ಎಂದು ಅವನ ಚರಿತ್ರೆ ಬರೆದ ಅರ್ರಿಯನ್ ಹೇಳುತ್ತಾನೆ. ಅವರು ಕಂಡದ್ದು ಇಂಗಿನ ಜಾತಿಯ ಗಿಡವೇ ಇರಬೇಕು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ನಾವು ಗಾದೆ ಮಾಡಿಕೊಂಡಿದ್ದೇವೆ, ಆದರೆ ಆ ಇಂಗು ನಮ್ಮ ನೆಲದ್ದಲ್ಲ. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತದೆ. ಪಾಲಂಪುರದ ಸಿಎಸ್‌ಐಆರ್ ಸಂಸ್ಥೆಯವರು ಹಿಮಾಚಲದ ಲಾಹುಲ್ ಕಣಿವೆಯಲ್ಲಿ ಇಂಗಿನ ಸಸಿ ನೆಟ್ಟದ್ದು 2020ರ ಅಕ್ಟೋಬರ್‌ನಲ್ಲಿ.

ಸಿಲ್ಫಿಯಂ ಕಥೆಗೆ ಇನ್ನೊಂದು ತಿರುವು ಇದೆ. ಇಸ್ತಾಂಬುಲ್ ವಿಶ್ವವಿದ್ಯಾಲಯದ ಮಹ್ಮುತ್ ಮಿಸ್ಕಿ ಎಂಬ ವಿಜ್ಞಾನಿ ಟರ್ಕಿಯ ಬೆಟ್ಟಗಳಲ್ಲಿ ಬೆಳೆಯುವ ಒಂದು ಅಪರೂಪದ ಗಿಡವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಇದೇ ಆ ಕಳೆದುಹೋದ ಸಿಲ್ಫಿಯಂ ಇರಬಹುದು ಎಂದು 2021ರಲ್ಲಿ ಪ್ರಕಟಿಸಿದರು. ಫೆರುಲಾ ಡ್ರುಡಿಯಾನಾ ಎಂದು ಅದರ ಹೆಸರು, ಇಂಗಿನ ಕುಲದ್ದೇ. ಎಲ್ಲರೂ ಒಪ್ಪಿಲ್ಲ. ಆದರೆ ಅವರು ಹೋಲಿಸಿ ನೋಡಿದ್ದು ಯಾವುದರ ಜೊತೆ ಗೊತ್ತೇ? ಸೈರೀನಿನ ನಾಣ್ಯದ ಜೊತೆ. ದಪ್ಪ ಕಾಂಡ, ಅದರ ಮೇಲಿನ ಗೀರು, ಎದುರುಬದುರು ಎಲೆ, ಗುಂಡು ಗೊಂಚಲು. ಎರಡು ಸಾವಿರ ವರ್ಷದ ಹಿಂದೆಯೇ ಕಣ್ಮರೆಯಾದ ಗಿಡಕ್ಕೆ ಉಳಿದಿರುವ ಫೋಟೊ ಅದೊಂದೇ. ಆ ನಾಣ್ಯಗಳನ್ನೆಲ್ಲ ಯಾವನಾದರೂ ಹುಡುಗ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರೆ!

ಈಗ ಅಗಥೋಕ್ಲಿಸ್‌ನ ಬೇಲಿಯೊಳಗಿನ ಮರಕ್ಕೆ ಬರೋಣ.

ಅಲೆಗ್ಸಾಂಡರ್ ಸತ್ತ ಮೇಲೂ ಗ್ರೀಕರು ಈಗಿನ ಅಫ್ಘಾನಿಸ್ತಾನದ ಕಡೆ ಉಳಿದರು, ರಾಜ್ಯ ಕಟ್ಟಿದರು. ಅಗಥೋಕ್ಲಿಸ್ ಕ್ರಿಸ್ತಪೂರ್ವ 190ರಿಂದ 180ರ ಸುಮಾರಿಗೆ ಅಲ್ಲಿ ಆಳಿದವನು. ಈತ ಜಾಣ. ಗ್ರೀಕ್ ಪ್ರಜೆಗಳಿಗೆ ಗ್ರೀಕ್ ಥರದ ನಾಣ್ಯ ಹಾಕಿಸಿದ. ಅವುಗಳಲ್ಲಿ ಒಂದರ ಮೇಲೆ ಚಿರತೆಯೊಂದು ದ್ರಾಕ್ಷಿ ಬಳ್ಳಿಗೆ ಕಾಲು ತಾಗಿಸಿ ನಿಂತಿದೆ. ಅದರ ಲೋಹ ತಾಮ್ರ ನಿಕಲ್ ಮಿಶ್ರಣ, ನಮ್ಮ ಹಳೆಯ ರೂಪಾಯಿ ನಾಣ್ಯಗಳಲ್ಲಿ ಇತ್ತಲ್ಲ, ಅದೇ. ಇತ್ತ ಭಾರತೀಯ ಪ್ರಜೆಗಳಿಗೆ ಚೌಕಾಕಾರದ ನಾಣ್ಯ, ಬ್ರಾಹ್ಮಿ ಲಿಪಿ. 1970ರಲ್ಲಿ ಅಫ್ಘಾನಿಸ್ತಾನದ ಐ ಖಾನೂಮ್ ಎಂಬಲ್ಲಿ ಫ್ರೆಂಚ್ ಪುರಾತತ್ವ ತಂಡಕ್ಕೆ ಇವನ ಆರು ಬೆಳ್ಳಿ ನಾಣ್ಯಗಳು ಸಿಕ್ಕವು. ಒಂದು ಕಡೆ ನೇಗಿಲು ಹಿಡಿದ ಬಲರಾಮ, ಇನ್ನೊಂದು ಕಡೆ ಚಕ್ರ ಹಿಡಿದ ವಾಸುದೇವ ಕೃಷ್ಣ!

ಇವನದೇ ಇನ್ನೊಂದು ನಾಣ್ಯ ಆ ಬೇಲಿಯೊಳಗಿನ ಮರದ್ದು. ಮರಕ್ಕೆ ಕಟಾಂಜನ ಕಟ್ಟಿ ಪೂಜೆಗೆ ಇಡುವುದು ಗ್ರೀಕರ ಪದ್ಧತಿಯಲ್ಲ, ನಮ್ಮದು. ತಕ್ಷಶಿಲೆ ಕಡೆಯ ಹಳೆಯ ನಾಣ್ಯಗಳಲ್ಲಿ ಆ ಗುರುತು ಆಗಲೇ ಬಳಕೆಯಲ್ಲಿತ್ತು. ಜನ ನಂಬುವ ಗುರುತು ಇದ್ದರೆ ಜನ ನಾಣ್ಯವನ್ನೂ ನಂಬುತ್ತಾರೆ ಎಂದು ಪರದೇಶದ ರಾಜ ಅದನ್ನು ಎತ್ತಿಕೊಂಡ.

ಅದೇ ಗುರುತು ದಖನ್ನಿನಲ್ಲೂ ನಡೆಯಿತು. ಶಾತವಾಹನರ ಕಾಲಕ್ಕೆ, ಸುಮಾರು ಎರಡು ಸಾವಿರ ವರ್ಷದ ಹಿಂದೆ, ಚಿತ್ರದುರ್ಗದ ಸೀಮೆಯಲ್ಲಿ 'ಮಹಾರಠಿ' ಎಂಬ ಬಿರುದಿನ ಅಧಿಕಾರಿಗಳು ಸೀಸದ ನಾಣ್ಯ ಹೊರಡಿಸುತ್ತಿದ್ದರು. ಒಂದು ಮುಖದಲ್ಲಿ ಡುಬ್ಬದ ಗೂಳಿ, ಸುತ್ತ ಬ್ರಾಹ್ಮಿ ಲಿಪಿಯಲ್ಲಿ 'ಸದಕಣ ಕಳಲಾಯ ಮಹಾರಠಿ' ಎಂಬ ಹೆಸರು. ಇನ್ನೊಂದು ಮುಖದಲ್ಲಿ ಬೇಲಿಯೊಳಗಿನ ಮರ ಮತ್ತು ಕಮಾನಿನ ಗುಡ್ಡ. 1908ರಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ರಾಪ್ಸನ್ ಎಂಬ ವಿದ್ವಾಂಸರು ಮಾಡಿದ ಪಟ್ಟಿಯಲ್ಲೇ ಇವುಗಳ ವಿವರ ಇದೆ. ಕಾರವಾರದ ಕಡೆ ಸಿಕ್ಕ ಚುಟುಕುಲಾನಂದ, ಮುಳಾನಂದ ಎಂಬ ರಾಜರ ದೊಡ್ಡ ಸೀಸದ ನಾಣ್ಯಗಳಲ್ಲೂ ಇದೇ ಮರ, ಇದೇ ಗುಡ್ಡ. ಅಜ್ಜನ ಡಬ್ಬಿಯಲ್ಲಿದ್ದದ್ದು ಮಹಾರಠಿಯ ನಾಣ್ಯವೇ ಎಂದು ನನ್ನ ಎಣಿಕೆ. ಆಣೆ ಮಾಡಿ ಹೇಳಲಾರೆ, ಅಕ್ಷರಗಳನ್ನೂ ನಾನೇ ತಿಕ್ಕಿಬಿಟ್ಟಿದ್ದೆನಲ್ಲ.

ಚಂದ್ರವಳ್ಳಿ ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಆಚೆ, ಚಿತ್ರದುರ್ಗದ ಕೋಟೆ ಬೆಟ್ಟದ ಮಗ್ಗುಲಲ್ಲೇ ಇದೆ. ಈಗ ಜನ ಕೆರೆ, ಗುಹೆ ನೋಡಲು ಹೋಗುತ್ತಾರೆ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ 1929ರಲ್ಲಿ ಅಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆಸಿದರು. ಅಲ್ಲಿ ಸ್ಥಳೀಯ ಸೀಸದ ನಾಣ್ಯಗಳಷ್ಟೇ ಅಲ್ಲ, ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿದವು. ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಎಂದು ಮುದ್ರಿತವಾಯಿತು ಎಂಬುದು ಗೊತ್ತಿತ್ತು. ಹಾಗಾಗಿ ಅದು ಸಿಕ್ಕಿದ ಮಣ್ಣಿನ ಪದರಕ್ಕೆ ಒಂದು ಕಾಲ ಗೊತ್ತುಮಾಡಲು ಬಂತು, ಆ ಪದರದ ಮಡಕೆ ಚೂರುಗಳಿಗೂ ಕಾಲ ಸಿಕ್ಕಿತು. ನಾಣ್ಯ ಮಣ್ಣಿನಲ್ಲಿ ಬಿದ್ದ ಜಾಗವೂ ಅದರ ಮೇಲಿನ ಚಿತ್ರದಷ್ಟೇ ಮಾತಾಡುತ್ತದೆ. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ತಂದರೆ ಅರ್ಧ ಮಾತು ಅಲ್ಲೇ ನಿಂತುಹೋಗುತ್ತದೆ. ನಾನು ತಿಕ್ಕಿ ಅಳಿಸಿದ್ದು ಉಳಿದರ್ಧವನ್ನು.

ನಮ್ಮ ಕದಂಬರ ಕಥೆ ಇಲ್ಲಿ ಹೇಳದೆ ಇರಲಾರೆ. ಮನೆ ಹತ್ತಿರ ಕದಂಬ ಮರ ಇದ್ದದ್ದರಿಂದ ಆ ವಂಶಕ್ಕೆ ಆ ಹೆಸರು ಬಂತೆಂದು ತಾಳಗುಂದದ ಶಾಸನ ಹೇಳುತ್ತದೆ. ರೋಡ್ಸಿನವರ ಹಾಗೆ ಯೋಚಿಸಿದರೆ ಅವರ ನಾಣ್ಯದ ಮೇಲೆ ಕದಂಬದ ಹೂವು ಇರಬೇಕಿತ್ತು. ಅವರದೆಂದು ಹೇಳುವ ಬಂಗಾರದ 'ಪದ್ಮಟಂಕ'ದಲ್ಲಿ ಇರುವುದು ಕಮಲ. ಕದಂಬದ ಹೂವನ್ನು ಅಚ್ಚಿನಲ್ಲಿ ಕೊರೆಯುವುದು ಕಷ್ಟ ಎಂದು ಅಕ್ಕಸಾಲಿಗ ತಕರಾರು ತೆಗೆದನೋ ಏನೋ!

ನಿಮಗೂ ಇಂಥ ಸಂಗ್ರಹದ ಆಸೆ ಹುಟ್ಟಿದ್ದರೆ ದುಡ್ಡು ಬೇಕಿಲ್ಲ. ಮನೆಯ ಚಿಲ್ಲರೆ ಡಬ್ಬಿಯಿಂದಲೇ ಶುರು ಮಾಡಬಹುದು. 1950ರ ಗೋಧಿ ತೆನೆ, 1968ರಿಂದ 1971ರವರೆಗಿನ ಕಮಲದ ಇಪ್ಪತ್ತು ಪೈಸೆ, 2011ರ ನಂತರದ ನಾಣ್ಯಗಳ ಹೂಬಳ್ಳಿ, ಈಗಿನ ಇಪ್ಪತ್ತು ರೂಪಾಯಿಯ ತೆನೆ. ತೆಳ್ಳನೆಯ ಕಾಗದವನ್ನು ನಾಣ್ಯದ ಮೇಲಿಟ್ಟು ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಚಿತ್ರ ಮೂಡುತ್ತದೆ. ಈಗಿನ ನಾಣ್ಯಕ್ಕೆ ಮಾತ್ರ ಹೀಗೆ ಮಾಡಿ. ಹಳೆಯದಕ್ಕೆ ಬೇಡ, ಸೀಸದ್ದಕ್ಕಂತೂ ಬೇಡವೇ ಬೇಡ. ಸೀಸ ಉಗುರಿಗೂ ಗೀರು ಬೀಳುವಷ್ಟು ಮೆತ್ತಗೆ. ಹುಳಿ ತಾಗಿದರೆ ಕರಗುತ್ತದೆ, ವಿನೆಗರ್ ಹಬೆ ಸೋಕಿದರೂ ಬಿಳಿ ಪುಡಿಯಾಗಿ ಉದುರುತ್ತದೆ. ಅದು ವಿಷ ಕೂಡ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮಂಡಕ್ಕಿ ತಿನ್ನಬಾರದು. ಬೂದು ಬಣ್ಣದ ಆ ಪದರ ಕೊಳೆಯಲ್ಲ, ನಾಣ್ಯಕ್ಕೆ ಹೊದಿಕೆ. ಹಾಗೇ ಇರಲಿ.

ಗ್ರೀಕ್ ನಾಣ್ಯ ನೋಡಬೇಕೆಂದರೆ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ತಮ್ಮ ಸಂಗ್ರಹದ ಫೋಟೊಗಳನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿವೆ. ನನ್ನ ನೋಟ್ ಪುಸ್ತಕ ತುಂಬಿದ್ದೇ ಹಾಗೆ. ಸಂತೆ, ಜಾತ್ರೆಯಲ್ಲಿ ಚಾಪೆ ಹಾಸಿ 'ಸಿಕಂದರನ ನಾಣ್ಯ' ಮಾರುವವರ ಹತ್ತಿರ ಹೋಗಬೇಡಿ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳವು, ಅಂಚಿನ ಸುತ್ತ ಸಣ್ಣ ಗೆರೆ ಕಂಡರೆ ಗೊತ್ತಾಗುತ್ತದೆ. ಒಮ್ಮೆ ನಾನೂ ಇನ್ನೂರು ರೂಪಾಯಿ ಕೊಟ್ಟು ಗೂಬೆ ತಂದಿದ್ದೆ. ನನ್ನ ಹೆಂಡತಿ ಅದನ್ನು ನೋಡಿ, 'ಇದರ ಮುಖ ಕೋಳಿ ಹಂಗೈತಿ' ಎಂದಳು. ಅವಳ ಕಣ್ಣು ನನಗಿಂತ ಚುರುಕು.

ಅಸಲಿ ಸಿಕ್ಕರೂ ಕಾನೂನು ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ, ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು. ಹೊಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 'ನಿಮ್ಮ ಹಳೆ ನಾಣ್ಯಕ್ಕೆ ಲಕ್ಷ ರೂಪಾಯಿ' ಎಂದು ಫೋನಿಗೆ ಬರುವ ಸಂದೇಶಗಳು ಶುದ್ಧ ಮೋಸ. ತನ್ನ ಹೆಸರು ಹೇಳಿಕೊಂಡು ಕಮಿಷನ್ ಕೇಳುವವರಿದ್ದಾರೆ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು.

ಅಜ್ಜನ ಆ ಡಬ್ಬಿ ಈಗ ನನ್ನ ಬಳಿ ಇದೆ. ಸೀಸದ ಬಿಲ್ಲೆಯೂ ಇದೆ. ಐವತ್ತು ವರ್ಷ ದಾಟಿದ ಮೇಲೆ ಅದು ಮತ್ತೆ ಬೂದಿ ಬಣ್ಣಕ್ಕೆ ತಿರುಗಿದೆ, ಗಿಡ ಮಾತ್ರ ಮರಳಿ ಚಿಗುರಲಿಲ್ಲ. ಕಳೆದ ದಸರಾ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಅವಳಿಗೆ ನೋಟ್ ಪುಸ್ತಕ ತೋರಿಸಿ, ರೋಡ್ಸಿನ ಗುಲಾಬಿ, ಸೆಲಿನಸ್‌ನ ಸೊಪ್ಪು ಎಲ್ಲ ಹೇಳಿ, "ನಮ್ಮೂರಿಗೂ ಒಂದು ನಾಣ್ಯ ಮಾಡೋಣ, ಯಾವ ಗಿಡ ಹಾಕ್ತೀಯವ್ವಾ?" ಎಂದೆ.

ನನ್ನ ಮನಸ್ಸಿನಲ್ಲಿ ಹತ್ತಿ ಇತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದವನು ನಾನು, ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡವನು. ನನ್ನ ಮಗ ಒಳಗಿನಿಂದಲೇ, "ಹತ್ತಿ ಎಲ್ಲೈತಿ ಈಗ? ಮೆಕ್ಕೆಜೋಳ ಹಾಕ್ರಿ" ಎಂದ. ಸೊಸೆ ಚನ್ನಗಿರಿಯವಳು, ಅಡಿಕೆ ಗೊನೆ ಬಿಟ್ಟು ಬೇರೆ ಮಾತಿಲ್ಲ. ಭದ್ರಾ ನಾಲೆಯ ಭತ್ತವನ್ನು ಮರೆತಿರೇನು ಎಂದು ನನ್ನ ಹೆಂಡತಿ. ನಾಲ್ಕು ಜನ, ನಾಲ್ಕು ಬೆಳೆ. ಮೆಟಾಪೊಂಟಿಯಂನವರ ಮನೆಗಳಲ್ಲೂ ಹೀಗೇ ಜಗಳ ಆಗಿತ್ತೇನೋ.

ಮೊಮ್ಮಗಳು ಯಾರ ಮಾತೂ ಕೇಳಲಿಲ್ಲ. ಮಾರನೇ ದಿನ ಹಬ್ಬದ ಹೂವು ತರಲು ಅಜ್ಜಿಯ ಜೊತೆ ಮಾರುಕಟ್ಟೆಗೆ ಹೋಗಿದ್ದವಳು ಸೇವಂತಿಗೆ ಮಾಲೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಬಂದಳು. ಮೂಸಿ ನೋಡಿದೆ, ದವನ.

"ಅಜ್ಜಾ, ರೋಡ್ಸ್‌ಗೆ ರೋಡೋನ್ ಅಂದ್ರೆ, ದಾವಣಗೆರೆಗೆ ದವನ ಅಲ್ವಾ?"

ಊರಿನ ಹೆಸರು ಬಂದದ್ದು ದನ ಕಟ್ಟುವ ದಾವಣಿಯಿಂದ ಎನ್ನುವವರಿದ್ದಾರೆ, ದವನಕ್ಕೂ ಅದಕ್ಕೂ ನಂಟಿಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಹೊಟ್ಟೆಪಾಡಿನ ನಾಲ್ಕು ಬೆಳೆ ಹೇಳಿದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಅವಳು ನನ್ನ ಬಳೆ ಡಬ್ಬಿಯಷ್ಟು ದೊಡ್ಡ ವೃತ್ತ ಎಳೆದು, ದವನದ ಸೀಳು ಸೀಳು ಎಲೆಗಳನ್ನು ನಾಲಿಗೆ ಕಚ್ಚಿಕೊಂಡು ಬಿಡಿಸಿದಳು. ಬುಡದ ಸುತ್ತ ಬೇಲಿ ಹಾಕಿದಳು. ಹಿಂದಿನ ಮುಖಕ್ಕೆ ಏನು ಎಂದು ಕೇಳಿದ್ದಕ್ಕೆ ಬೆಣ್ಣೆ ದೋಸೆ ಬರೆದು, ಕೆಳಗೆ ಬೆಲೆ ಹಾಕಿದಳು: ಎಪ್ಪತ್ತು ರೂಪಾಯಿ.